ಒಂಬತ್ತು ಪಿನ್ನಿನ ಕಿಂಡಿ ಕಾದ ಅಕ್ಕ

ಪ್ರಿಯವಾದ ಯಾವುದನ್ನೇ ಮುಟ್ಟುವ ಮೊದಲು ಅಕ್ಕ ಕಬ್ಬಿಣ ಮುಟ್ಟುತ್ತಿದ್ದರು. ಕಿಟಕಿಯ ಸರಳೋ, ಬಾಗಿಲ ಚಿಲಕವೋ, ಕೈಗೆಟಕಿದ್ದು ಯಾವುದಾದರೂ ಸರಿ. ಅದರ ಮೇಲೆ ಬೆರಳುಗಳನ್ನು ಕ್ಷಣಕಾಲ ಒತ್ತಿದ ಮೇಲೆಯೇ ಆ ಕೈ ಮುಂದಕ್ಕೆ ಚಾಚುತ್ತಿತ್ತು. ಪಕ್ಕದ ಮನೆಯ ಬಾಣಂತಿ ಕೂಸನ್ನು ತೋರಿಸಲು ತಂದಾಗಲೂ ಅಷ್ಟೆ. ಎತ್ತಿಕೊಳ್ಳಿ ಎಂದು ಆಕೆ ಕೂಸನ್ನು ಮುಂದೊಡ್ಡಿದರೆ, ಇವರು ಬೆನ್ನು ತಿರುಗಿಸಿ ಕಿಟಕಿಯತ್ತ ನಡೆದುಬಿಟ್ಟರು. ಬಾಣಂತಿಯ ಮುಖ ಚಿಕ್ಕದಾಯಿತು. ಸರಳು ಮುಟ್ಟಿ ಬಂದು ಕೂಸನ್ನು ಎದೆಗವಚಿಕೊಂಡ ಮೇಲೆ, "ತಪ್ಪು ತಿಳ್ಕೋಬೇಡಮ್ಮ, ಮೈಯಲ್ಲಿ ಕರೆಂಟ್ ಇರುತ್ತೆ" ಎಂದರು.

ಬಟ್ಟೆಗೆ ಬಟ್ಟೆ ಉಜ್ಜಿ ಮನುಷ್ಯನ ದೇಹದಲ್ಲಿ ಅವನಿಗೇ ಅರಿವಿಲ್ಲದೆ ವಿದ್ಯುತ್ತು ಕೂಡಿಕೊಳ್ಳುತ್ತದೆ; ನಮಗೆ ಚುರುಕ್ಕೆಂದೂ ಅನ್ನಿಸದ ಅದರ ಒಂದು ಕಿಡಿ ಕಂಪ್ಯೂಟರಿನ ಮೆಮರಿ ಕಡ್ಡಿಯನ್ನು ಶಾಶ್ವತವಾಗಿ ಕೊಂದುಬಿಡಬಲ್ಲದು. ಅದಕ್ಕಾಗಿ ಮೊದಲು ಕಬ್ಬಿಣ ಮುಟ್ಟಿ ಅದನ್ನು ಕಳೆದುಕೊಳ್ಳಬೇಕು. ತರಬೇತಿ ಶಾಲೆಯೊಂದರ ಪ್ರಯೋಗಾಲಯದಲ್ಲಿ ಬಹುಕಾಲ ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ್ದವರು ಅಕ್ಕ. ಕೂಸಿಗೆ ಆ ಕಿಡಿಯಿಂದ ಏನೂ ಆಗದೆಂದು ಅವರಿಗೂ ಗೊತ್ತಿತ್ತು. ಆದರೆ ಕೈ ಕೇಳಬೇಕಲ್ಲ!

ನಾನು ಅವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಪ್ರಯೋಗಾಲಯದ ನೀಲಿ ಕೋಟನ್ನು ಅವರು ಬಿಟ್ಟಿರಲಿಲ್ಲ. ತೋಳು ಮಾಸಿ, ಕಾಲರು ಸವೆದು, ಎರಡೂ ಜೇಬುಗಳು ಸ್ಕ್ರೂಗಳ ಭಾರಕ್ಕೆ ಜೋತುಬಿದ್ದ ಆ ಕೋಟು ತೊಟ್ಟು ಅವರು ಮುಂಬಾಗಿಲ ಮೆಟ್ಟಿಲಿಳಿದರೆ, ಜೇಬಿನ ಕಿಣಿಕಿಣಿಯಿಂದಲೇ ಬಂದವರಾರೆಂದು ಬೀದಿಗೆ ತಿಳಿಯುತ್ತಿತ್ತು. ನಡಿಗೆಯಲ್ಲಿ ಅವಸರವಿರಲಿಲ್ಲ, ಆದರೆ ನಿಲುಗಡೆಯೂ ಇರಲಿಲ್ಲ. ತುಂಬಿದ ಪಾತ್ರೆ ಹಿಡಿದು ನಡೆಯುವವರ ಹಾಗೆ ಎದುರಿನ ನೆಲವನ್ನಷ್ಟೇ ನೋಡುತ್ತ ಹೋಗುತ್ತಿದ್ದರು.

ಮಾತು ಕಡಿಮೆ. ಇದ್ದ ಮಾತಿನಲ್ಲೂ ಅರ್ಧ ಒಂದೇ ಮಾತು: "ಸರಿಯಾಗಿ ಕೂತಿದ್ಯಾ ನೋಡಿ." ಕಂಪ್ಯೂಟರಿನ ಕಾಯಿಲೆಗಳಲ್ಲಿ ಬಹುಪಾಲು ಯಾವುದೋ ಒಂದು ಕಡ್ಡಿಯೋ ಕೇಬಲ್ಲೋ ತನ್ನ ಜಾಗದಲ್ಲಿ ಪೂರ್ತಿ ಕೂರದೆ ಬರುವಂಥವು ಎಂಬುದು ಅವರ ಅನುಭವ. ಆ ಅನುಭವವನ್ನು ಅವರು ಕುಕ್ಕರಿನ ಮುಚ್ಚಳಕ್ಕೂ, ನನ್ನ ಕನ್ನಡಕಕ್ಕೂ, ಯಾರದೋ ಮಗಳ ಹೊಸ ಸಂಸಾರಕ್ಕೂ ಸಮನಾಗಿ ಅನ್ವಯಿಸುತ್ತಿದ್ದರು. ಒಮ್ಮೆ ಉತ್ಸಾಹ ತಡೆಯಲಾರದೆ ನನ್ನದೊಂದು ಪ್ರಬಂಧವನ್ನು ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಚೆನ್ನಾಗಿದೆ, ಕೊನೇ ಮಾತು ಸರಿಯಾಗಿ ಕೂತಿಲ್ಲ" ಎಂದು ಎದ್ದುಹೋದರು. ನನಗೆ ಎರಡು ದಿನ ಅನ್ನ ರುಚಿಸಲಿಲ್ಲ.

ಅವರನ್ನು ಇಡೀ ಬೀದಿ ಅಕ್ಕ ಎಂದೇ ಕರೆಯುತ್ತಿದ್ದುದು ಅವರ ತಮ್ಮನಿಂದಾಗಿ. ಆತ ಒಂದು ಕಾಲದಲ್ಲಿ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ಆತ ಕೂಗಲು ನಿಂತರೆ ಕೊಳ್ಳುವವರಿಗೆ ಯೋಚಿಸಲು ಪುರುಸೊತ್ತು ಸಿಗುತ್ತಿರಲಿಲ್ಲವಂತೆ. ಒಂದೇ ಉಸಿರಿನಲ್ಲಿ ಬೆಲೆ ಹೇಳಿ, ಹೊಗಳಿ, ಗೇಲಿ ಮಾಡಿ, ಮೂಟೆ ಮುಗಿಸಿ ಮುಂದಿನದಕ್ಕೆ ಜಿಗಿಯುತ್ತಿದ್ದನಂತೆ. ಒಂದು ಬೆಳಗ್ಗೆ ಕೂಗುತ್ತಿರುವಾಗಲೇ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಕುಸಿದುಬಿದ್ದ. ಬುದ್ಧಿ ಉಳಿಯಿತು, ಕಣ್ಣು ಕಿವಿ ಉಳಿದವು, ಬಲಗೈ ಹೆಬ್ಬೆರಳೊಂದು ಉಳಿಯಿತು. ಮಿಕ್ಕ ದೇಹವೂ ನಾಲಗೆಯೂ ಹೋದವು. ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಕ್ಕ ಕೆಲಸ ಬಿಟ್ಟು ತಮ್ಮನನ್ನು ಮನೆಗೆ ತಂದುಕೊಂಡರು.

ಉಳಿದ ಆ ಹೆಬ್ಬೆರಳಿನಿಂದ ಅಕ್ಕ ಆತನಿಗೆ ಮಾತು ಕಟ್ಟಿಕೊಟ್ಟರು. ಹಳೆಯ ಮೌಸೊಂದರ ಗುಂಡಿಯನ್ನು ಕತ್ತರಿಸಿ ತೆಗೆದು ಹೆಬ್ಬೆರಳಿನ ಕೆಳಗೆ ಕೂರಿಸಿ, ಅದರ ತಂತಿಯನ್ನು ಕಂಪ್ಯೂಟರಿನ ಬೆನ್ನಿಗೆ ಜೋಡಿಸಿದರು. ಅಲ್ಲಿ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು, ಮಾನಿಟರಿಗೆ ನೀಲಿ ಎಂದು ಬಣ್ಣಬಣ್ಣದ ಕಿಂಡಿಗಳ ನಡುವೆ, ಬಣ್ಣವೇ ಇಲ್ಲದ, ಮೇಲೆ ಐದು ಕೆಳಗೆ ನಾಲ್ಕು ಪಿನ್ನುಗಳ ಒಂದು ಕಿಂಡಿ ಇತ್ತು. ಶಾಲೆಯಲ್ಲಿ ಜೊತೆಗಿದ್ದ ಮೇಷ್ಟರೊಬ್ಬರು ಬರೆದುಕೊಟ್ಟ ಪ್ರೋಗ್ರಾಂ ಆ ಕಿಂಡಿಯ ಮಾತನ್ನು ಮಾತ್ರ ಕೇಳುತ್ತಿತ್ತು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತ ಹೋಗುತ್ತವೆ. ಬೇಕಾದ ಅಕ್ಷರ ಬಂದಾಗ ಹೆಬ್ಬೆರಳು ಒತ್ತಬೇಕು, ತಪ್ಪಿದರೆ ಮತ್ತೆ ಮೊದಲಿಂದ ಕಾಯಬೇಕು. ಸ್ವರಗಳಲ್ಲಿ ಅಕಾರ ಮೊದಲು, ವ್ಯಂಜನಗಳಲ್ಲಿ ಕಕಾರ ಮೊದಲು; ಹಾಗಾಗಿ ಆತನಿಗೆ ಎಲ್ಲಕ್ಕಿಂತ ಬೇಗ ಕೈಗೂಡುತ್ತಿದ್ದ ಪದ 'ಅಕ್ಕ'. ನೀರು ಬೇಕಾದರೂ ಅಕ್ಕ, ಸೆಖೆಯಾದರೂ ಅಕ್ಕ, ಏನೂ ಬೇಡದಾಗಲೂ ಅಕ್ಕ. ನೋಡಲು ಬಂದವರೆಲ್ಲ ಪರದೆಯ ಮೇಲೆ ಅದನ್ನೇ ಓದಿ ಓದಿ ಅದನ್ನೇ ಅವರ ಹೆಸರು ಮಾಡಿದರು.

ಲೋಕ ಮಾತ್ರ ಆ ಕಿಂಡಿಯನ್ನು ಬಿಟ್ಟು ಮುಂದೆ ಹೋಯಿತು. ಹೊಸ ಕಂಪ್ಯೂಟರುಗಳ ಬೆನ್ನಿನಲ್ಲಿ ಅದು ಇರಲಿಲ್ಲ. ಹಳೆಯ ತಂತಿಯನ್ನು ಹೊಸ ಕಿಂಡಿಗೆ ಸೇರಿಸಲೆಂದು ಮಾರುತ್ತಿದ್ದ ಜೋಡಣೆಯ ತುಂಡುಗಳನ್ನು ಆ ಪ್ರೋಗ್ರಾಂ ಗುರುತೇ ಹಿಡಿಯಲಿಲ್ಲ. ಅಂದಿನಿಂದ ಅಕ್ಕನ ಬೇಟೆ ಶುರುವಾಯಿತು. ಯಾವ ಕಚೇರಿ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಿದೆಯೆಂದು ಅವರಿಗೆ ಎಲ್ಲಿಂದಲೋ ತಿಳಿದುಬಿಡುತ್ತಿತ್ತು. ಒಂದು ಸಲ ಹಲ್ಲು ಕೀಳಿಸಿಕೊಳ್ಳಲು ಹೋದವರು, ದಂತವೈದ್ಯರ ಮೇಜಿನ ಮೇಲೆ ಅಂಥದೊಂದು ಹಳೆಯ ಡಬ್ಬ ಕಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಅದರ ಹಿಂದಕ್ಕೆ ಬಗ್ಗಿ ನೋಡಿ, ಕೈಸನ್ನೆಯಲ್ಲೇ ಮಾತು ಮುಗಿಸಿ, ವೈದ್ಯರು ಹೊಸದು ಕೊಂಡ ದಿನ ಹಳೆಯದನ್ನು ಹೊತ್ತು ತಂದರು. ಹೀಗೆ ಮನೆಯ ಬೀರುಗಳಲ್ಲಿ ಬಟ್ಟೆಬರೆ ಹಿಂದೆ ಸರಿದು, ಆ ಕಿಂಡಿಯಿದ್ದ ಮದರ್‌ಬೋರ್ಡುಗಳು ತುಂಬಿದವು. "ನನ್ನ ಕಾಲ ಇರೋವರೆಗೂ ಸಾಕು" ಎಂದು ಅವರು ಬೀರುವಿನ ಬಾಗಿಲು ಮುಚ್ಚುವಾಗ ಮುಖದಲ್ಲಿ ಎಂಥದೋ ನೆಮ್ಮದಿ ಇರುತ್ತಿತ್ತು.

ಆದರೆ ಆ ಅಕ್ಕತಮ್ಮಂದಿರ ನಡುವೆ ನಡೆಯುತ್ತಿದ್ದ ಸಂಭಾಷಣೆ ಎಂಥದೆಂದು ಗಮನಿಸಿದಾಗ ನನಗೆ ಸಂಕಟವಾಗುತ್ತಿತ್ತು. ಬೆಳಗ್ಗೆ ಎದ್ದು, ಸರಳು ಮುಟ್ಟಿ, ಮೊಣಕಾಲೂರಿ, ಯಂತ್ರದ ಹಿಂದಿನ ಸ್ಕ್ರೂಗಳನ್ನು ಬಿಗಿಮಾಡಿ ಅಲ್ಲಿಂದಲೇ ಅಕ್ಕ ಕೇಳುತ್ತಿದ್ದರು: "ಬರ್ತಿದ್ಯಾ?" ಹೆಬ್ಬೆರಳು ಒತ್ತಿ ಒತ್ತಿ, ಎಷ್ಟೋ ಹೊತ್ತಿನ ಮೇಲೆ ಪರದೆ ಹೇಳುತ್ತಿತ್ತು: ಬರ್ತಿದೆ. ಸಾಯಂಕಾಲ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ತಮ್ಮನ ಮಾತಿನ ದಾರಿ ತೆರೆದಿದೆ ಎಂದು ಖಾತ್ರಿಯಾದೊಡನೆ ಅವರು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ವರ್ಷಗಟ್ಟಲೆ ಇಬ್ಬರೂ ಆಡಿದ್ದು ಹೆಚ್ಚುಕಡಿಮೆ ಇಷ್ಟೆ.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಫಿಸಿಯೋ ಮೇಡಂ ಬರುತ್ತಿದ್ದರು. ಒಂದು ದಿನ ಅವರು ತೆಳ್ಳಗಿನ ಫಲಕವೊಂದನ್ನು ತಂದರು. ಅದು ತನ್ನ ಕ್ಯಾಮೆರಾದಿಂದ ಕಣ್ಣಿನ ಚಲನೆಯನ್ನು ಹಿಂಬಾಲಿಸಿ, ನೋಡಿದ ಅಕ್ಷರವನ್ನು ಬರೆದು, ಪೂರ್ತಿ ಪದವನ್ನು ತಾನೇ ಊಹಿಸಿ, ಗಟ್ಟಿಯಾಗಿ ಓದಿಯೂ ಹೇಳುತ್ತಿತ್ತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಒಂದು ಸ್ಕ್ರೂ ಇಲ್ಲ, ಸರಿಯಾದ ಕಿಂಡಿ ಒಂದಿಲ್ಲ. ಕೆಟ್ಟರೆ ಎಲ್ಲಿಂದ ಬಿಚ್ಚೋದು ಮೇಡಂ? ಬಿಚ್ಚೋಕಾಗದ್ದನ್ನ ನಂಬಿ ನನ್ನ ತಮ್ಮನ ಮಾತನ್ನ ಅದರ ಕೈಗೆ ಕೊಡ್ಲಾ?"

"ಅವರನ್ನೇ ಒಂದ್ಮಾತು ಕೇಳೋಣ್ವಾ ಅಕ್ಕ?"

"ಇದೆಲ್ಲ ಅವನಿಗೇನು ಗೊತ್ತಾಗುತ್ತೆ, ಹರಾಜು ಕೂಗ್ತಿದ್ದವನು. ಬೇಡ, ತಗೊಂಡ್ಹೋಗಿ."

ವ್ಯಾಯಾಮಕ್ಕೆಂದು ಆತನ ಹೆಬ್ಬೆರಳಿನ ಗುಂಡಿಯನ್ನು ಆಗ ಬಿಚ್ಚಿಟ್ಟಿದ್ದರು. ಏನಾದರೂ ಹೇಳಬೇಕೆಂದಿದ್ದರೂ ಆತನಿಗೆ ದಾರಿಯಿರಲಿಲ್ಲ. ಮೇಡಂ ಫಲಕವನ್ನು ಚೀಲಕ್ಕೆ ಹಾಕಿ ಹೊರಟಾಗ ಆತನ ಕಣ್ಣುಗಳು ಆ ಚೀಲದ ಹಿಂದೆಯೇ ಬಾಗಿಲವರೆಗೂ ಹೋದವು. ಅಕ್ಕ ಅದನ್ನು ನೋಡಲಿಲ್ಲ. ಅವರು ಆಗಲೇ ಯಂತ್ರದ ಹಿಂದೆ ಬಗ್ಗಿದ್ದರು.

ಅದಾಗಿ ಎರಡು ಬೇಸಿಗೆ ಕಳೆದವು. ಒಂದು ಮಧ್ಯಾಹ್ನ ಆತ ಏನೋ ಬರೆಯುತ್ತಿರುವಾಗಲೇ ಪರದೆ ಕಪ್ಪಾಯಿತು. ಅಕ್ಕ ಗಾಬರಿಯಾಗಲಿಲ್ಲ; ಬೀರು ತೆರೆದು ಬೇರೊಂದು ಬೋರ್ಡು ತಂದು ಜೋಡಿಸಿದರು. ಅದು ಏಳಲಿಲ್ಲ. ಮತ್ತೊಂದು ತಂದರು, ಮಗದೊಂದು ತಂದರು. ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತಿರುವ ಕೆಪಾಸಿಟರುಗಳು ಒಂದೊಂದರಲ್ಲೂ ತಲೆಯುಬ್ಬಿ, ಬುಡದಲ್ಲಿ ಕಂದು ಅಂಟು ಸೋರಿಸಿಕೊಂಡಿದ್ದವು. ಬಳಸದೆ ಇಟ್ಟರೂ ಅವುಗಳಿಗೆ ವಯಸ್ಸಾಗುತ್ತದೆ. ಇದನ್ನು ಮಕ್ಕಳಿಗೆ ಪಾಠ ಮಾಡಿದ್ದ ಅಕ್ಕನಿಗೆ ತಮ್ಮ ಬೀರುವಿನ ಮಟ್ಟಿಗೆ ಮಾತ್ರ ಅದು ಹೊಳೆದಿರಲಿಲ್ಲ. ಮುಚ್ಚಿಟ್ಟದ್ದೆಲ್ಲ ಭದ್ರವಾಗಿದೆ ಎಂದೇ ನಂಬಿದ್ದರು. ಇದ್ದುದರಲ್ಲಿ ಚೆನ್ನಾಗಿದ್ದೊಂದಕ್ಕೆ ಹೊಸ ಕೆಪಾಸಿಟರುಗಳನ್ನು ಬೆಸೆದು ನೋಡಿದರು. ಫ್ಯಾನು ತಿರುಗಿತು, ಪರದೆ ಬೆಳಗಲಿಲ್ಲ.

ಆ ದಿನಗಳಲ್ಲಿ ತಮ್ಮ ಮಲಗಿದಲ್ಲಿಂದ ನೋಡುತ್ತಿದ್ದ. ನೀರು ಬೇಕೇ, ಹೊರಳಿಸಬೇಕೇ ಎಂದು ಅಕ್ಕ ಒಂದೊಂದಾಗಿ ಕೇಳಿ, ರೆಪ್ಪೆ ಬಡಿಯುವುದನ್ನು ಕಾಯುತ್ತಿದ್ದರು. ನೆಲದ ಮೇಲೆ ಹರಡಿದ್ದ ಬೋರ್ಡುಗಳ ನಡುವೆ ಕೂತು, ಸೋತೆ ಎನ್ನಲಾರದೆ, ಗೆಲ್ಲುವ ದಾರಿಯೂ ಕಾಣದೆ, ಊಟ ನಿದ್ರೆ ಬಿಟ್ಟು ಅರ್ಧವಾಗಿಹೋದರು. ಕೊನೆಗೊಂದು ಬೆಳಗ್ಗೆ ಕೋಟನ್ನು ಕಳಚಿ ಮೊಳೆಗೆ ನೇತುಹಾಕಿ, ತಾವೇ ಮೇಡಂಗೆ ಫೋನು ಮಾಡಿದರು. "ಅವತ್ತು ತಂದಿದ್ರಲ್ಲ, ಅದು ಇನ್ನೂ ಇದ್ಯಾ?" ಎಂದು ಕೇಳಿದರು.

ಫಲಕ ಬಂತು. ತಮ್ಮ ಅದನ್ನು ಬಹುಬೇಗ ಪಳಗಿಸಿಕೊಂಡ. ಮೇಡಂ ಜೊತೆ ಚೇಷ್ಟೆ ಮಾಡಿದ. ನನ್ನನ್ನು 'ಮೇಲಿನ ಮನೆ ಪಂಡಿತರು' ಎಂದು ಕರೆದು ಪುಸ್ತಕ ಮಾರಾಟವಾಗುತ್ತಿದೆಯೇ ಎಂದು ಛೇಡಿಸಿದ. ಏರಿಳಿತವಿಲ್ಲದ ಯಂತ್ರದ ದನಿಯಲ್ಲೂ ಮಾರುಕಟ್ಟೆಯ ಆ ಹಳೆಯ ಚುರುಕು ಕೇಳಿಸುತ್ತಿತ್ತು. ಅಕ್ಕ ಮಾತ್ರ ದೂರವೇ ಉಳಿದರು. ಬಾಗಿಲಲ್ಲಿ ನಿಂತು "ಬರ್ತಿದ್ಯಾ?" ಎನ್ನುತ್ತಿದ್ದರು, "ಬರ್ತಿದೆ" ಎಂದು ಫಲಕ ಥಟ್ಟನೆ ಹೇಳಿಬಿಡುತ್ತಿತ್ತು, ಅಲ್ಲಿಗೆ ಮಾತು ಮುಗಿದು, ಅವರು ಬರಿಗೈಯಲ್ಲಿ ಅಡುಗೆಮನೆಗೆ ಹಿಂದಿರುಗುತ್ತಿದ್ದರು. ಸರಿಪಡಿಸಲು ಏನೂ ಇಲ್ಲದ ಕೋಣೆಯಲ್ಲಿ ಎಲ್ಲಿ ನಿಲ್ಲಬೇಕೆಂದೇ ಅವರಿಗೆ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ನಾನು ಅಲ್ಲಿದ್ದಾಗಲೇ ಅವರ ಕಟ್ಟೆ ಒಡೆಯಿತು. "ಇನ್ನು ನಾನ್ಯಾಕೋ ನಿಂಗೆ? ಬಿಚ್ಚೋದಿಲ್ಲ, ಜೋಡ್ಸೋದಿಲ್ಲ."

ಆತನ ಕಣ್ಣು ಫಲಕದ ಮೇಲೆ ಓಡಿತು. "ಜಗಳ ಆಡೋಕೆ" ಎಂದಿತು ದನಿ.

ಅಕ್ಕ ದಿಗಿಲಿನಿಂದ ನೋಡಿದರು. ದನಿ ಮುಂದುವರಿಯಿತು: "ಅವತ್ತು ಮೇಡಂನ ವಾಪಸ್ ಕಳಿಸ್ದೆ. ನನ್ನನ್ನ ಒಂದ್ಮಾತು ಕೇಳ್ಲಿಲ್ಲ. ನಾನು ಇಲ್ಲೇ ಇದ್ದೆ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲೋ!"

"ಆ ಡಬ್ಬದಲ್ಲಿ ಜಗಳ ಆಡೋಕಾಗುತ್ತಾ? ಎರಡು ಪದ ಬರೆಯೋಷ್ಟರಲ್ಲಿ ಸಿಟ್ಟೇ ಇಳಿದ್ಹೋಗುತ್ತೆ."

"ಡಬ್ಬ ಅಂತೀಯಾ? ಅದನ್ನ ಉಳಿಸೋಕೆ ನಾನು ಪಟ್ಟ ಪಾಡು..."

"ಗೊತ್ತು. ಎಲ್ಲ ನೋಡಿದೀನಿ. ಆದ್ರೂ ತಪ್ಪು ನಿಂದೇ."

ಅಕ್ಕ ಮಂಚದ ಅಂಚಿನಲ್ಲಿ ಕುಸಿದು ಕುಳಿತರು. ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ "ಹೂಂ ಕಣೋ, ನಂದೇ ತಪ್ಪು" ಎಂದರು. ಮರುಕ್ಷಣವೇ ತಲೆಯೆತ್ತಿ, "ನೀನೇನು ಕಮ್ಮಿನಾ? ಚಿಕ್ಕೋನಿದ್ದಾಗ..." ಎಂದು ಏನನ್ನೋ ತೆಗೆದರು, ದನಿ ಅದಕ್ಕೊಂದು ಎದುರುತ್ತರ ಕೊಟ್ಟಿತು. ನಾನು ಸದ್ದಿಲ್ಲದೆ ಎದ್ದು ಬಂದೆ. ಮೆಟ್ಟಿಲು ಹತ್ತಿ ನನ್ನ ಕೋಣೆ ಸೇರಿದ ಮೇಲೂ ಕೆಳಗಿನಿಂದ ಅವರಿಬ್ಬರ ಜಗಳ ಕೇಳುತ್ತಲೇ ಇತ್ತು.

ಒಬ್ಬರ ಬದುಕಿಗೆ ಬೇಕಾದ್ದನ್ನೆಲ್ಲ ಕೆಡದಂತೆ ಕಾಯುತ್ತಲೇ ಆಯುಷ್ಯ ಸವೆಸುವವರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಕಾವಲಿನ ಶ್ರದ್ಧೆಯಲ್ಲಿ, ತಾವು ಕಾಯುತ್ತಿರುವ ಜೀವಕ್ಕೂ ಒಂದು ಇಷ್ಟವಿದೆ ಎಂಬುದು ಅವರಿಗೆ ಮರೆತುಹೋಗುತ್ತದೆ. ಅದನ್ನು ಅವರಿಗೆ ನೆನಪಿಸುವ ಧೈರ್ಯ ಯಾರಿಗೂ ಬರುವುದಿಲ್ಲ. ನಾವೆಲ್ಲ ಅಂಥವರನ್ನು ತ್ಯಾಗಮಯಿ ಎಂದು ಹೊಗಳುತ್ತೇವೆ, ಹೊಗಳಿ ದೂರದಲ್ಲೇ ನಿಲ್ಲಿಸಿಬಿಡುತ್ತೇವೆ. ಹೊಗಳಿಕೆಯಿಂದ ಅವರ ಒಂಟಿತನ ಒಂದಿಷ್ಟೂ ಕರಗುವುದಿಲ್ಲ. ಯಾರಿಗಾಗಿ ಅಷ್ಟೆಲ್ಲ ಮಾಡಿದರೋ ಅವರೇ ಒಂದು ದಿನ ಎದುರು ನಿಂತು ತಪ್ಪು ನಿನ್ನದೇ ಎಂದು ಗದರಬೇಕು. ಆಗ ಮಾತ್ರ ಆ ಜೀವಗಳು ಆಳಿನ ಸ್ಥಾನ ಬಿಟ್ಟು ಮತ್ತೆ ಮನೆಯವರಾಗುತ್ತವೆ.