ಮುಖಕ್ಕೆ ಬಿಸಿಲು ಬರುವ ಹೊತ್ತು

ಬಿಸಿಲು ಅವ್ವನ ಮೊಣಕಾಲಿಗೆ ಬಂತು, ಇನ್ನೂ ಮೊಣಕಾಲಿಗೇ, ಇಳಕಲ್ ಸೀರೆಯ ಕೆಂಪು ದಡಿಯ ಮೇಲೆ ಗೆರೆ ಎಳೆದಂತೆ ಕೂತಿದೆ, ಅದರಿಂದ ಮೇಲೆಲ್ಲ ಪಡಸಾಲೆಯ ನೆರಳು, ನೆರಳಿನಲ್ಲಿ ಅವ್ವ — ನಸುಕಿನಲ್ಲಿ ಉಸಿರು ಬಿಟ್ಟ ಗೌರಾಬಾಯಿ, ಗೋಡೆಗೆ ಒರಗಿಸಿ ಕೂರಿಸಿದ್ದಾರೆ, ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ, ಕತ್ತು ವಾಲದಂತೆ ಹಣೆಗೆ ಕಟ್ಟಿದ ಬಿಳಿ ಬಟ್ಟೆ ಹಿಂದಿನ ಗೂಟಕ್ಕೆ ಬಿಗಿದಿದೆ — ಅಂಗಳದಲ್ಲಿ ಅಣ್ಣ ಬಸವಂತರಾಯ ಕೈಗಡಿಯಾರ ನೋಡುತ್ತಾನೆ, ಆಕಾಶ ನೋಡುತ್ತಾನೆ, ಮತ್ತೆ ಕೈಗಡಿಯಾರ. ನಾಕರ ಸುಮಾರಿಗೆ ಮುಖಕ್ಕ ಬರ್ತದ, ಅನ್ನುತ್ತಾನೆ ಫೋಟೋದ ರಸೂಲನಿಗೆ, ಆಗ ತಗಿಯೂಣು, ಈಗ ತಗದರ ಕಣ್ಣಿನ ತಗ್ಗು ಕರ್ರಗ ಬರ್ತಾವ. ಕಣ್ಣಿನ ತಗ್ಗಂತೆ. ಪಡಸಾಲೆಯ ಕಂಬದ ಬಳಿ ಕೂತ ಮಗಳು ಹೀರಾಬಾಯಿ ಹಲ್ಲು ಕಡಿದಳು. ಮಣ್ಣಿಗೆ ಹೊರಟವಳನ್ನೂ ಬೆಳಕಿಗಾಗಿ ಕಾಯಿಸುತ್ತಾನಲ್ಲ ಇವನು, ಬೆಳಿಗ್ಗೆಯಿಂದ ಒಲೆ ಹತ್ತಿಲ್ಲ, ಭಜನೆಯವರ ಗಂಟಲು ಕಟ್ಟಿದೆ, ಅಯ್ಯನವರು ಎರಡು ಸಲ ಬಂದು ಹೊತ್ತು ಮುಳುಗೂದ್ರೊಳಗ ಕ್ರಿಯಾ ಮುಗೀಬೇಕ್ರಿ ಮಾಸ್ತರ ಎಂದು ಹೇಳಿ ಹೋದರು, ಮಾಸ್ತರನಿಗೆ ಕಿವಿ ಎಲ್ಲಿದೆ, ಕಣ್ಣಷ್ಟೇ, ಅದೂ ಬಿಸಿಲಿನ ಗೆರೆಯ ಮೇಲೆ. ಜೇವರ್ಗಿ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಮಕ್ಕಳಿಂದ ಗಡಿಗೆ, ಮಾವಿನಹಣ್ಣು ಬರೆಸಿದ ಡ್ರಾಯಿಂಗ್ ಮಾಸ್ತರ, ಬೆಳಕು ಎಲ್ಲಿಂದ ಬರಬೇಕೆಂದು ಸೂರ್ಯನಿಗೇ ಪಾಠ ಹೇಳುವವನು. ಈ ನೆಲೋಗಿಯಲ್ಲಿ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಇಂಥದೇ ಒಂದು ಫೋಟೋ, ನಡುವೆ ಕಣ್ಣು ಮುಚ್ಚಿ ಕೂತ ಹಿರಿಯರು, ಸುತ್ತ ಅತ್ತು ಮುಖ ಊದಿದ ಮಕ್ಕಳು, ಬದುಕಿದ್ದಾಗ ತೆಗೆಸಿದ್ದು ಒಂದೂ ಇಲ್ಲ. ನಮ್ಮ ಮನೆಯಲ್ಲಿ ಹಾಗಾಗಬಾರದು ಎಂದವನು ಇವನೇ. ಆಯಿತಲ್ಲ, ಹಾಗೇ ಆಯಿತು.

ಗೆರೆ ತೊಡೆಗೆ ಏರಿತು. ಕೇಳಿದವಳು ಅವ್ವ, ಒಂದೇ ಸಲ ಕೇಳಿದಳು, ಹುಟ್ಟಾ ಏನೂ ಕೇಳದವಳು — ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ವರ್ಷ, ಸೀಸೆಯ ತಳದಷ್ಟು ದಪ್ಪ ಗಾಜಿನ ಚಾಳೀಸು ಕಣ್ಣಿಗೆ ಹಾಕಿಕೊಂಡು ಒಬ್ಬೊಬ್ಬರ ಮುಖ ಹತ್ತಿರ ಎಳೆದು ನೋಡಿ, ನೀವೆಲ್ಲ ಇಷ್ಟು ದೊಡ್ಡವರಾದ್ರೇನು ಎಂದು ನಕ್ಕು, ಎಲ್ಲಾರೂ ಕೂಡಿ ಒಂದು ಫೋಟೋ ತಗಸರಿ ಅಂದಳು. ಯುಗಾದಿಗೆ ತೆಗೆಸುವುದೆಂದಾಯಿತು. ಗಂಡನ ಊರು ಭೂಸನೂರಿನಿಂದ ಹೀರಾಬಾಯಿ ನಸುಕಿಗೇ ಮಕ್ಕಳನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಬಂದಳು, ಬರುವಷ್ಟರಲ್ಲಿ ಅವ್ವ ಮಿಂದು, ಈ ಕೆಂಪು ದಡಿಯ ಸೀರೆಯನ್ನೇ ಉಟ್ಟು, ಹಿತ್ತಲ ಬೇವಿನ ಕೆಳಗೆ ಕೂತಿದ್ದಳು, ಏಳೂವರೆಯೋ ಎಂಟೋ, ಗೋಡೆ ದಾಟಿ ಬಿಸಿಲು ಇನ್ನೂ ಇಳಿದಿರಲಿಲ್ಲ, ಬೇವಿನ ಹೂವು ತಲೆಯ ಮೇಲೆ ಉದುರುತ್ತಿತ್ತು, ಕಣ್ಣು ಅರಳಿಸಿ ಮೊಮ್ಮಕ್ಕಳನ್ನು ಎಣಿಸುತ್ತಿದ್ದಳು. ಮೊದಲ ಬಸ್ಸಿಗೆ ಬಂದಿಳಿದ ರಸೂಲ ಅವಳನ್ನು ನೋಡಿದವನೇ ಪೆಟ್ಟಿಗೆ ಬಿಚ್ಚಿದ, ಮಾಸ್ತರ, ಈಗೇ ತಗಿಯೂಣ್ರಿ, ನೆಳ್ಳಾಗ ಬೆಳಕು ಮೆತ್ತಗ ಅದ, ಅವ್ವಾರಿಗೂ ತ್ರಾಸಿಲ್ಲ. ಹೊಟ್ಟೆಪಾಡಿಗೆ ಮಾಡುವವನಿಗೆ ತಿಳಿದದ್ದು ಓದಿದವನಿಗೆ ತಿಳಿಯಲಿಲ್ಲ. ನೆಳ್ಳಾಗ ತಗದರ ಮುಖ ಸತ್ತಂಗ ಬರ್ತದ, ಅಂದ ಬಸವಂತರಾಯ. ಹಾಗೇ ಅಂದ, ಸತ್ತಂಗ, ಬದುಕಿ ಕೂತಿದ್ದ ತಾಯಿಯ ಮುಂದೆ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಬೀಳುತ್ತದೆ, ಅದು ಬೇಡ, ಹೊತ್ತು ಮುಳುಗಲು ತಾಸು ಇರುವಾಗ ಬರುವ ಹಳದಿ ಬೆಳಕು ಎದುರಿನಿಂದ ಮುಖಕ್ಕೆ ಬಿದ್ದರೆ ಚಿನ್ನದ ನೀರು ಕೊಟ್ಟಂತೆ ಕಾಣುತ್ತದೆ ಎಂದು ಅರ್ಧ ತಾಸು ಉಪದೇಶ ಮಾಡಿದ. ಅವ್ವ ಸಂಜೆಯವರೆಗೆ ಅಡ್ಡಾಗಲಿಲ್ಲ. ಸೀರೆ ಮುದುಡುತ್ತದೆ ಎಂದು ಗೋಡೆಗೂ ಒರಗಲಿಲ್ಲ, ಎಪ್ಪತ್ತು ದಾಟಿದ ಬೆನ್ನು, ಹೋಳಿಗೆಯನ್ನೂ ಅರ್ಧಕ್ಕೇ ಬಿಟ್ಟಳು.

ಸಂಜೆ ಬಂತು, ಚಿನ್ನದ ಬೆಳಕು ಬಂತು, ಬೆಂಕಿ ಬೀಳಲಿ ಅದಕ್ಕೆ. ಈ ಪಡಸಾಲೆಯ ಮುಂದೆಯೇ, ಪಡುವಣಕ್ಕೆ ಮುಖ ಮಾಡಿ ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿದ, ಚಾಳೀಸು ಹೊಳೆಯುತ್ತದೆ ಎಂದು ತಾನೇ ಬಿಚ್ಚಿ ಜೇಬಿಗಿಟ್ಟುಕೊಂಡ — ಪೊರೆ ತೆಗೆದ ಕಣ್ಣು, ಬರಿಗಣ್ಣು, ಎದುರಿಗೆ ಸೂರ್ಯ. ಕಣ್ಣ ತಗಿ ಯವ್ವಾ. ಎರಡೂ ಕಣ್ಣಿನಿಂದ ನೀರು ದಳದಳ ಇಳಿಯಿತು. ಕಣ್ಣ ತಗಿ, ಒಂದ ಗಳಿಗಿ ತಗಿ. ತೆಗೆದಳು, ಮುಚ್ಚಿದಳು, ಕೊನೆಗೆ ಕೈ ಎತ್ತಿ ಹುಬ್ಬಿಗೆ ಅಡ್ಡ ಹಿಡಿದಳು. ಇವತ್ತ ಆಗೂದಿಲ್ಲ ಬಿಡು, ದೀಪಾವಳಿಗೆ ನೋಡೂಣು, ಎಂದು ಬಸವಂತರಾಯ ರಸೂಲನನ್ನು ಕಳಿಸಿಬಿಟ್ಟ, ಮುಖ ಗಂಟಿಕ್ಕಿ, ತಪ್ಪು ಮಾಡಿದವಳು ಅವ್ವನೇ ಎಂಬಂತೆ. ದೀಪಾವಳಿಗೆ ಅವ್ವ ಹಾಸಿಗೆ ಹಿಡಿದಿದ್ದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಈಗ ನೋಡು ಕೈಗಡಿಯಾರ, ಚೆನ್ನಾಗಿ ನೋಡು.

ಎದೆಗೆ ಬಂತು ಬಿಸಿಲು, ಲಿಂಗ ಹಿಡಿದ ಕೈ ಈಗ ಪೂರಾ ಬೆಳಕಿನಲ್ಲಿ, ಬೆರಳು ಮೇಣದಂತೆ ಕಾಣುತ್ತವೆ. ರಸೂಲ ಪಾಪ, ಮೆಲ್ಲಗೆ ಬಂದು ಹೀರಾಬಾಯಿಯ ಪಕ್ಕದಲ್ಲಿ ಕುಕ್ಕರಿಸಿ, ಕಣ್ಣು ಮುಚ್ಚ್ಯಾವ ಅಂತ ಚಿಂತಿ ಮಾಡಬ್ಯಾಡ್ರಿ ಅಕ್ಕಾರ, ಫೋಟೋದ ಮ್ಯಾಲ ಕುಂಚದ್ಲೆ ಬರದು ತೆರದಂಗ ಮಾಡಿ ಕೊಡ್ತೇನಿ, ಅಂದ. ಒಳ್ಳೆಯದಕ್ಕೇ ಅಂದ. ಕೇಳಿಸಿಕೊಂಡ ಬಸವಂತರಾಯ ತಲೆಯಾಡಿಸಿದ, ಹೌದಲ್ಲ, ಈ ಸಲ ಯವ್ವ ಕಣ್ಣ ಕಿವುಚೂದಿಲ್ಲ. ಅಂದುಬಿಟ್ಟು ತಾನೇ ಬೆಚ್ಚಿದ, ಆ ಕಡೆ ತಿರುಗಿ ಮೂಗು ಒರೆಸಿಕೊಂಡ. ಅಳಲಿ. ಅವನು ತಾಯಿಯನ್ನು ಪ್ರೀತಿಸಲಿಲ್ಲ ಎಂದು ಯಾರೂ ಹೇಳುವುದಿಲ್ಲ, ಚೆಂದ ಕಾಣಲಿ ಎಂದೇ ಮಾಡಿದ, ಚೆಂದ ಕಾಣಲಿ ಎಂದೇ ಕೊಂದ ಹಾಗಾಯಿತು, ಆದರೂ ಹೀರಾಬಾಯಿಗೆ ಕರುಣೆ ಬರಲಿಲ್ಲ, ಅವನ ಕೈಗಡಿಯಾರ ಕಿತ್ತು ಬಾವಿಗೆ ಎಸೆಯಬೇಕೆನಿಸಿತು.

ಮತ್ತು ನೀನು, ಹೀರಾ? ಕತ್ತಿಗೆ ಬಂತು ಗೆರೆ, ಅದು ಕತ್ತಿಗೆ ಬಂದಾಗಲೇ ಈ ನೆನಪೂ ಬರಬೇಕಿತ್ತೇನೋ — ಅವತ್ತು ಅವ್ವ ಹುಬ್ಬಿಗೆ ಅಡ್ಡ ಹಿಡಿದ ಕೈಯನ್ನು ಕೆಳಗೆ ಎಳೆದವರು ಯಾರು? ಅಣ್ಣನಲ್ಲ. ಪಕ್ಕದಲ್ಲಿ ಪೌಡರ್ ಬಳಿದುಕೊಂಡು ಹೊಸ ಸೀರೆಯ ಸೆರಗು ಸರಿಮಾಡಿಕೊಂಡು ನಿಂತಿದ್ದವಳು, ಸಂಜೆಯ ಬಿಸಿಲಿಗೆ ತನ್ನ ಮೈಬಣ್ಣ ಕೆಂಪಗೆ ಕಂಡದ್ದಕ್ಕೆ ಹಿಗ್ಗಿದವಳು, ಭೂಸನೂರಿನ ನೆಗೆಣ್ಣಿಯರಿಗೆ ಫೋಟೋ ತೋರಿಸಬೇಕೆಂದಿದ್ದವಳು, ಕೈ ತಗಿಯವ್ವಾ, ಮುಖ ಮುಚ್ಚತದ, ಎಂದು ಆ ಒಣ ಮಣಿಕಟ್ಟು ಹಿಡಿದು ಎಳೆದು ತೊಡೆಯ ಮೇಲೆ ಒತ್ತಿ ಹಿಡಿದಳು. ಅವ್ವ ಎದುರಾಡಲಿಲ್ಲ. ಅವಳಿಗಷ್ಟೇ ಕೇಳುವಂತೆ ಅಂದಳು, ನನ್ನ ಬಿಸಲಾಗ ಕುಂಡ್ರಸಬ್ಯಾಡ ತಂಗೀ, ಕಣ್ಣಾಗ ಸೂಜಿ ಚುಚ್ಚಿದಂಗ ಆಗ್ತದ. ಹೀರಾಬಾಯಿ ಕೇಳಿದಳು, ಕೇಳಿಯೂ ಕೈ ಬಿಡಲಿಲ್ಲ, ಅಣ್ಣನಿಗೆ ಹೇಳಲೂ ಇಲ್ಲ. ಈಗ ಅಣ್ಣನ ಮೇಲೆ ಹಲ್ಲು ಕಡಿಯುತ್ತ ಕೂತಿದ್ದಾಳೆ.

ಬರ್ರಿ, ನಿಂದರ್ರಿ ಎಲ್ಲಾರೂ, ಬಂತು ಬೆಳಕು, ಎಂದು ಬಸವಂತರಾಯ ಕರೆದ, ಭಜನೆ ನಿಂತಿತು, ಮಕ್ಕಳು ಸೊಸೆಯಂದಿರು ಅವ್ವನ ಅಕ್ಕಪಕ್ಕ ಸೇರಿದರು, ಎಲ್ಲರ ಮುಖ ಬಿಸಿಲಿಗೆ ಕಿವುಚಿಕೊಂಡಿತು, ಎಲ್ಲರ ಕಣ್ಣೂ ಸಣ್ಣಗಾದವು, ಗೆರೆ ಗದ್ದ ದಾಟಿತು, ತುಟಿ ದಾಟಿತು, ಮೂಗು — ರೆಪ್ಪೆಯ ಮೇಲೆ ಬಂತು, ಪೂರಾ ಬಂತು, ಆ ಸುಕ್ಕು ರೆಪ್ಪೆಯ ನರ ಒಂದೊಂದೂ ಕಾಣುವಷ್ಟು, ಅಲುಗಲಿಲ್ಲ. ಹೀರಾಬಾಯಿ ಎದ್ದು ಹೋಗಿ ಅವ್ವನ ಎದುರಿಗೆ ನಿಂತಳು, ಸೂರ್ಯನಿಗೂ ಕ್ಯಾಮೆರಾಕ್ಕೂ ಬೆನ್ನು ಮಾಡಿ, ಸೆರಗನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು. ಅಕ್ಕಾರ, ಸರೀರಿ, ನೆಳ್ಳ ಬೀಳಾಕತ್ತದ, ಎಂದ ರಸೂಲ. ಹೀರಾ, ಬೆಳಕು ಹೋಗ್ತದ, ಎಂದ ಬಸವಂತರಾಯ, ಹತ್ತಿರ ಬಂದ, ಮಣಿಕಟ್ಟು ಹಿಡಿದ, ಎಳೆದ. ಹೋಗ್ಲಿ ಅಣ್ಣಾ, ನಾ ಸರಿಯಂಗಿಲ್ಲ, ಅಂದಳು. ಅವನು ಇನ್ನೊಮ್ಮೆ ಎಳೆಯಲಿಲ್ಲ. ಹೋಗಲಿ, ಹೊತ್ತು ಮುಳುಗಲಿ, ತಡವಾಯಿತು, ಬಹಳ ತಡವಾಯಿತು, ಅಷ್ಟು ಬಿಸಿಲು ಬಿದ್ದರೂ ರೆಪ್ಪೆ ಅಲುಗಲಿಲ್ಲ, ನೆರಳು ಮಾಡಿದರೂ ಅಲುಗುತ್ತಿಲ್ಲ, ರೆಪ್ಪೆ, ಅವ್ವನ ರೆಪ್ಪೆ, ಅಲುಗುತ್ತಿಲ್ಲ —