ಸೋಮವಾರದ ಮೀನು

ಆರು ದಿನ ಒಲೆ ಮುಂದೆ ಬೇಯುವುದು, ಏಳನೆಯ ದಿನ ಕಾಲುವೆ ದಂಡೆಯಲ್ಲಿ ನಡುಗುವುದು. ಬಸವಂತಪ್ಪನ ವಾರ ಅಂದರೆ ಇಷ್ಟೇ. ಪರದೇಶದ ವೂರ್‌ಬರ್ಗ್ ಊರಲ್ಲಿ ಯತಿರಾಜನ ಹೋಟೆಲಿನ ಅಡುಗೆಯವನು ಅವನು. ಸೋಮವಾರ ಹೋಟೆಲಿಗೆ ರಜೆ. ಅಡುಗೆಯವನಿಗೆ ಎಲ್ಲಿಯ ರಜೆ! ಬೆಳಗ್ಗೆ ಆರಕ್ಕೇ ಗಾಳ ಹಿಡಿದು ಕೂರಬೇಕು. ಬೆರಳು ಮರಗಟ್ಟಿ, ಗಾಳ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ತುಂಗಭದ್ರೆ ದಂಡೆಯ ಬೆಸ್ತರ ಮಗ ಅವನು. ಬಂದ ಹೊಸದರಲ್ಲಿ ಬರೀ ಖುಷಿಗೆ ಮೀನು ಹಿಡಿದು, ಒಮ್ಮೆ ಮೈ ಸವರಿ, ನೀರಿಗೆ ಬಿಡುತ್ತಿದ್ದ. ಮೀನು ಹಿಡಿಯಲು ಬೇಕಾದ ಪಾಸು ಮಾಡಿಸಿಕೊಟ್ಟವನು ಯತಿರಾಜನೇ. ಒಂದು ಸೋಮವಾರ ಅವನು ದಂಡೆಗೆ ಬಂದು ಸ್ನೂಕ್‌ಬಾರ್ಸ್ ಮೀನು ನೋಡಿದ. ಅಂಗಡಿಯಲ್ಲಿ ಬಲು ದುಬಾರಿ ಮೀನದು. ಶುರುವಾಯಿತು ನೋಡಿ! ವಾರಕ್ಕೆ ಎಂಟು ಮೀನು ತರಬೇಕು. ಕೂಲಿ ಮಾತ್ರ ಸೊನ್ನೆ.

ಜನವರಿಯಲ್ಲಿ ಯತಿರಾಜ ಹೇಳಿದ, "ಬಸಪ್ಪ, ರೂಲ್ ಚೇಂಜ್ ಆಗಿದೆ. ಪರ್ಮಿಟ್ ಮೇಲೆ ಇರೋರಿಗೆ ಪಾಸಿನ ಫೀಸು ಇನ್ನೂರು ಯೂರೊ. ಸಂಬಳದಲ್ಲಿ ಹಿಡ್ಕೊಂಡಿದೀನಿ. ಹೊಸ ಪಾಸು ಕಂಪ್ಯೂಟರಲ್ಲೇ ಇರತ್ತೆ, ಹಳೇ ಕಾರ್ಡ್ ಇಟ್ಕೊಂಡ್ರೆ ಸಾಕು."

"ನನಗ ಪಾಸು ಬ್ಯಾಡ್ರಿ. ಮೀನ ಹಿಡಿಯೋದು ಬಿಡ್ತೀನಿ."

"ಬಿಟ್ರೆ ಪರ್ಮಿಟ್ಟೂ ಬಿಡ್ಬೇಕಾಗತ್ತೆ, ನೋಡು."

ಬಸವಂತಪ್ಪ ನಂಬಿದ. ನಂಬದೆ ಏನು ಮಾಡಿಯಾನು? ಕೆಲಸದ ಪರ್ಮಿಟ್ಟಿಗೆ ಯತಿರಾಜನ ಸಹಿ, ಮಲಗುವ ಕೋಣೆ ಯತಿರಾಜನ ಹೆಸರಲ್ಲಿ, ಫೋನಿನ ಸಿಮ್ಮೂ ಅವನದೇ. ಮೀನಿನ ಪಾಸೂ ಧಣಿ ಕೈಯಿಂದಲೇ ಬರಬೇಕು ಅಂದುಕೊಂಡ ಪಾಪ.

ಮಾರ್ಚಿನಲ್ಲಿ ಮೀನಿನ ಕಾವಲುಗಾರ ದಂಡೆಗೆ ಬಂದು ಪಾಸು ಕೇಳಿದ. ಕಾರ್ಡು ಹೋದ ವರ್ಷದ್ದು, ಬಕೆಟ್ಟಿನಲ್ಲಿ ಎಂಟು ಮೀನು. ದಂಡದ ಚೀಟಿ ಬರೆದು ಕೈಗಿಟ್ಟ. ಯತಿರಾಜ ಅದನ್ನು ಮುಟ್ಟಲೂ ಇಲ್ಲ.

"ನಾನೇನ್ ಮೀನ್ ಹಿಡಿ ಅಂದ್ನಾ? ನಿನ್ನ ಶೋಕಿ. ನೀನೇ ಕಟ್ಕೋ."

ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಗದಗಿನ ನಾಗಮಣಿಗೆ ಇಲ್ಲಿನ ಭಾಷೆ ಬರುತ್ತಿತ್ತು. ಅವಳೇ ಬಸವಂತಪ್ಪನನ್ನು ಪಾಸು ಕೊಡುವ ಗಾಳದ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿದಳು. ಅಂಗಡಿಯಾಕೆ ನಕ್ಕುಬಿಟ್ಟಳು. ಫೀಸು ಏರಿದ್ದು ನಿಜ, ನಾಲ್ಕೇ ಯೂರೊ. ಇಲ್ಲಿಯವರಿಗೂ ಅಷ್ಟೇ, ಹೊರಗಿನವರಿಗೂ ಅಷ್ಟೇ. ಯಾರು ಬೇಕಾದರೂ ಬಂದು ಕಟ್ಟಬಹುದು. ತಿನ್ನಲು ಒಮ್ಮೆಗೆ ಎರಡು ಮೀನು ಮನೆಗೆ ಒಯ್ಯಬಹುದು, ಒಂದನ್ನೂ ಮಾರುವ ಹಾಗಿಲ್ಲ.

"ನಿನ್ನ ಇನ್ನೂರೂ ಅವನ ಹೊಟ್ಟಿ ಸೇರ್ಯಾವಣ್ಣ" ಅಂದಳು ನಾಗಮಣಿ.

ಬಸವಂತಪ್ಪ ಅಳಲಿಲ್ಲ. ದಂಡದ ಚೀಟಿ ಮುದುರಿ ಕಿಸೆಗಿಟ್ಟು ಬಾಯಿ ತೆರೆದ. ಮೂರು ವರ್ಷ "ಆತ್ರಿ, ಹೌದ್ರಿ" ಅಂದೇ ಸವೆದ ಬಾಯಿ ಅದು.

"ಅವನ್ನ ಬಿಡಂಗಿಲ್ಲ. ಮಣ್ಣು ಮುಕ್ಕಿಸ್ತೀನಿ."

"ನಿನ್ನ ಪರ್ಮಿಟ್ ಹೋಗ್ತೈತಿ, ಖಬರ್ ಐತೇನು?"

"ಹೋಗ್ಲಿ ಬಿಡವಾ. ನಾ ಒಬ್ಬನs ಮುಳುಗಂಗಿಲ್ಲ."

ಆ ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ 'ತುಂಗಭದ್ರಾ ಮೀನೂಟ'. ಐಂಡ್‌ಹೋವನ್, ಡೀಮೆನ್ ಕಡೆಯಿಂದೆಲ್ಲ ಕನ್ನಡದ ಜನ ಬಂದಿದ್ದರು. ಯತಿರಾಜ ಜರಿ ಶಲ್ಯ ಹೊದ್ದು, ಮೇಜಿಂದ ಮೇಜಿಗೆ ಹಲ್ಲು ಕಿರಿಯುತ್ತ ಸುತ್ತುತ್ತಿದ್ದ. "ನಮ್ಮ ಬಸಪ್ಪನೇ ಹಿಡಿದ ಮೀನು ಸಾರ್. ಟೇಸ್ಟ್ ಮಾಡಿ!"

ಅಡುಗೆಮನೆ ಬಾಗಿಲು ತೆರೆಯಿತು. ಬಸವಂತಪ್ಪ ಹೊರಬಂದ. ಹಿಂದೆ ಅದೇ ಕಾವಲುಗಾರ, ಇಬ್ಬರು ಪೊಲೀಸರು. ಫೋನು ಮಾಡಿದವಳು ನಾಗಮಣಿ. ಹಿಂಬಾಗಿಲಿಂದ ಒಳಗೆ ಕರೆದು ಫ್ರೀಜರ್ ತೆಗೆದು ತೋರಿಸಿದವನು ಬಸವಂತಪ್ಪ. ನಲವತ್ತು ಮೀನಿದ್ದವು ಅದರಲ್ಲಿ.

"ಏಯ್! ನಾಳೆನೇ ನಿನ್ನ ಊರಿಗೆ ಕಳಿಸ್ತೀನಿ!"

"ಕಳಸಲೇ!" ಧಣಿಗೆ ಅವನು ಏಕವಚನ ಆಡಿದ್ದು ಅದೇ ಮೊದಲು. "ಹಿಡಿದಾಂವ ನಾನು. ಹಿಡಿಸಿದಾಂವ ನೀನು, ಮಾರಿದಾಂವ ನೀನು. ನನ್ನ ಪಾಲಿನ ದಂಡ ನಾ ತಗೋತೀನಿ. ನಿಂದು ನೀ ತಗೋ!"

ಆಮೇಲೆ ಉಣ್ಣುತ್ತಿದ್ದವರ ಕಡೆ ತಿರುಗಿ ಇನ್ನೂರು ಯೂರೊ ಕತೆ ಹೇಳಿದ. ಒಬ್ಬೊಬ್ಬರೇ ತಟ್ಟೆ ದೂಡಿ ಎದ್ದರು. ಯತಿರಾಜನ ಮುಖ ಬಿಳಿಚಿತು. ಹತ್ತಿರ ಬಂದು ಪಿಸುಗುಟ್ಟಿದ, "ಬಸವಂತಪ್ಪನವರೇ, ಕೈ ಮುಗೀತೀನಿ. ತಪ್ಪು ತಿಳ್ಕೊಂಡಿದ್ದೆ ಅಂತ ಹೇಳ್ಬಿಡಿ. ಏನ್ ಬೇಕೋ ಕೊಡ್ತೀನಿ."

ಆ ಮುಗಿದ ಕೈಗಳನ್ನು ಬಸವಂತಪ್ಪ ಕಣ್ತುಂಬ ನೋಡಿದ. ಆಹಾ, ಎಂಥ ತಂಪು!

"ನಾಗಮಣಿ, ಈ ಪೊಲೀಸರಿಗೆ ಹೇಳವಾ. ಒಂದು ಸೋಮವಾರ ಅಲ್ಲ, ಎಲ್ಲಾ ಸೋಮವಾರ ಬಿಟ್ಟಿ ದುಡಿಸ್ಯಾನ. ಬರಕೊಳ್ಳಲಿ."

ನಾಗಮಣಿ ಒಲೆಗಳನ್ನೆಲ್ಲ ಆರಿಸಿ, ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಹಿಂದೆ ತರಕಾರಿ ಹೆಚ್ಚುವ ಚೇತನ್, ಬಡಿಸುವ ತನುಶ್ರೀ.

"ನಿಂದು ಬರದಾದ ಮ್ಯಾಲೆ ಹಾಳಿ ತಿರುವಾಕ ಹೇಳ್ತೀನಣ್ಣ" ಅಂದಳು. "ನಮ್ಮದೂ ಬರಸೋದೈತಿ."