ಗೆಣ್ಣಿಗೆ ನಿಂತ ಬಳೆ

ಬಳೆಯ ಸದ್ದು, ಯಾರದೋ, ಆಸ್ಪತ್ರೆಯ ಮೆಟ್ಟಿಲ ಮೇಲೆ — ಗಾಜಿನದು, ಇವರಿದ್ದರೆ ಸದ್ದಿನಲ್ಲೇ ಅಳತೆ ಹೇಳುತ್ತಿದ್ದರು, ಇವರು ಆ ಬಾಗಿಲ ಒಳಗಿದ್ದಾರೆ, ನನ್ನ ಗಂಡ ಇಬ್ರಾಹಿಂಸಾಬ, ಇಂಡಿಯಿಂದ ಬಾಗೇವಾಡಿಯ ತನಕ ಊರೂರಿನ ಹೆಣ್ಣುಮಕ್ಕಳಿಗೆ ಬಳೆ ತೊಡಿಸಿದವರು, ಇಂದು ಅವರ ಕರುಳಿಗೆ ಡಾಕ್ಟರು ಬಲೂನು ಇಳಿಸುತ್ತಿದ್ದಾರೆ, ಡಾಕ್ಟರೇ ಹೇಳಿದ್ದು, ವರ್ಷಗಟ್ಟಲೆ ಉರಿದ ಕರುಳ್ರೀ ಅಮ್ಮ, ಗಾಯ ಮಾಗಿ ಮಾಗಿ ಒಂದ್ ಕಡೆ ಬಿಗದು ಸಣ್ಣಾಗೇತಿ, ಬಲೂನ್ ಉಬ್ಬಿಸಿ ಹಿಗ್ಗಸ್ತೇವಿ, ಹಿಗ್ಗಲಿಲ್ಲಂದ್ರ ಹೊಟ್ಟಿ ಕೊಯ್ದು ಅಷ್ಟು ಕರುಳು ತೆಗೀಬೇಕಾಗ್ತೈತಿ — ಗೆಣ್ಣಿಗೆ ಬಂದು ನಿಂತ ಬಳೆ, ಹಸಿರು — ಅಲ್ಲಾಹ್, ಆ ಡಾಕ್ಟರ ಕೈಗೆ ನಿಧಾನ ಕೊಡು. ನಾರು, ಸಿಪ್ಪೆ, ಬೀಜ ಕೂಡದು ಎಂದು ಡಾಕ್ಟರು ಹೇಳಿದಂದಿನಿಂದ ದ್ರಾಕ್ಷಿಯನ್ನೂ ಸುಲಿದು ಬೀಜ ತೆಗೆದೇ ಕೊಡುತ್ತೇನೆ, ನಿನ್ನ ಕೈಯಾಗ ನವಾಬ ಆಗೇನಿ ನೋಡು ಜನ್ನತ, ಎಂದು ನಗುತ್ತಾರೆ, ಮನೆಯಲ್ಲಿ ನವಾಬ, ಊರ ಮೇಲೆ ಹೋದರೆ ಯಾರಿಗೂ ಒಲ್ಲೆ ಎನ್ನಲಾರದ ಬಳೆಗಾರ, ಇಂಗಳೇಶ್ವರದ ಕಸ್ತೂರೆವ್ವ ಮಗಳ ಕುಬಸಕ್ಕೆ ಕರೆದಳು, ಬಸುರಿಯ ಕೈತುಂಬ ಹಸಿರು ಬಳೆ, ಆಮೇಲೆ ಇವರ ಮುಂದೆ ತಾಟಿನ ತುಂಬ ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ, ಮರುದಿನ ಹೊಟ್ಟೆ ಗಡಿಗೆಯಂತೆ ಉಬ್ಬಿ, ವಾಂತಿ, ತಿನ್ನದೆ ಬರಬಾರದಿತ್ತೇ ಎಂದೆ, ಬಸುರಿ ಕೈಗಿ ಬಳಿ ಇಟ್ಟು ಆಕೀ ಮನಿ ರೊಟ್ಟಿ ಒಲ್ಲೆ ಅಂತಾರೇನ, ಆ ಕೂಸಿಗಿ ಒಳ್ಳೇದಾಗಬೇಕಲ್ಲ — ಇಂಥವರನ್ನು ಹೇಗೆ ಬೈಯುವುದು. ಕಸ್ತೂರೆವ್ವ ಫೋನಿನಲ್ಲಿ ಅತ್ತಳು, ನನ ರೊಟ್ಟಿನ ಅಣ್ಣಗ ಮುಳುವಾತಲ್ಲ ಅಕ್ಕ, ಬಸವಣ್ಣನಿಗೆ ದೀಪ ಹಚ್ಚಿದ್ದಾಳಂತೆ, ನನ್ನ ಕೈಯಲ್ಲಿ ತಸಬಿ, ಮಣಿ ಸರಿಯುತ್ತದೆ, ಆ ಬಳೆ ಸರಿಯುತ್ತಿರಲಿಲ್ಲ, ಮದುವೆಯಾದ ಹೊಸತು, ಸಿಂದಗಿಯ ಸಂತೆಯಿಂದ ತಂದದ್ದು, ನನ್ನದು ಹೊಲದ ಕಳೆ ತೆಗೆದ ಕೈ, ದಪ್ಪ, ಹೆಬ್ಬೆರಳ ಗೆಣ್ಣಿಗೆ ಬಂದು ನಿಂತೇಬಿಟ್ಟಿತು, ಒಡೀತೈತಿ ಬಿಡ್ರಿ ಅಂದೆ, ಅವರು ಮುಂದಕ್ಕೆ ಒತ್ತಲಿಲ್ಲ, ಹಿಂದಕ್ಕೂ ತೆಗೆಯಲಿಲ್ಲ, ಹಿಟ್ಟು ನಾದಿದ ಹಾಗೆ ಬೆರಳು ನಾದುತ್ತ, ಕೈ ಸಡಲ ಬಿಡು, ಬಳಿ ತಾನ ಹೋಗತೈತಿ — ಅದನ್ನೇ ಇಂದು ಸ್ಟ್ರೆಚರಿನ ಮೇಲೆ ಅವರ ಕಿವಿಯಲ್ಲಿ ಹೇಳಿದೆ, ಸಡಲ ಬಿಡ್ರಿ, ನಕ್ಕರು, ನನ ಧಂದೆ ನನಗ ಕಲಸ್ತೀ ಏನ, ಹಾಗೆ ನಗುತ್ತಲೇ ಒಳಗೆ ಹೋದರು, ಈಗ ಅದೇ ಬಾಗಿಲ ಹಿಡಿಕೆ ತಿರುಗಿತು, ನರ್ಸು, ಇಬ್ರಾಹಿಂಸಾಬರ ಕಡೇದವರು ಯಾರ್ರಿ, ನಾನು, ನಾನೇ, ಎದ್ದೆ, ಮುಷ್ಟಿ ಬಿಗಿದಿದೆ, ಸಡಿಲ ಬಿಡಬೇಕು, ಬಿಟ್ಟೆ — ಕಣ್ಣ ಮುಂದೆ, ಗೆಣ್ಣಿನ ಮೇಲೆ ಆ ಬಳೆ, ಹಸಿರು, ಒಡೆದಿಲ್ಲ, ಅದರ ಅಂಚಿಗೆ ಅವರ ಹೆಬ್ಬೆರಳು